ಗೋಡೆಯಲ್ಲಿರುವ ಮೇಕೆಯನ್ನು ದಯವಿಟ್ಟು ರಿಪೇರಿ ಮಾಡಬೇಡಿ

ಎಲ್ಲಿಂದ ಶುರು ಮಾಡಲಿ? ಮೇಕೆಯಿಂದ ಮಾಡಿದರೆ ನೀವು ನಗುತ್ತೀರಿ. ಅಮ್ಮನಿಂದ ಮಾಡಿದರೆ ಕರವಸ್ತ್ರ ಹುಡುಕುತ್ತೀರಿ. ಎರಡೂ ಬೇಡ, ಗೋಡೆಯಿಂದ ಶುರು ಮಾಡೋಣ.

೧. ಗೋಡೆ ಇರುವುದು ಒಂದು ವಿಡಿಯೋ ಗೇಮಿನಲ್ಲಿ. ಆಟ ಇನ್ನೂ ಪೂರ್ತಿಯಾಗಿಲ್ಲ; ಅರ್ಲಿ ಆಕ್ಸೆಸ್ ಎಂಬ ಹೆಸರಿನಲ್ಲಿ ಅರೆಬೆಂದದ್ದನ್ನೇ ಮಾರಾಟಕ್ಕಿಟ್ಟಿದ್ದಾರೆ. 'ಮುಂದೆ ಆಟದೊಳಗೆ ಕಡಲು ಬರುತ್ತದೆ' ಎಂಬ ಜಾಹೀರಾತಿನ ಒಂದೇ ಮಾತಿಗೆ ಮಗಳು ಕುಣಿದಳು, ಅಮ್ಮ ಕೊಂಡಳು.

"ಕೂಸು ಹುಟ್ಟೋ ಮುಂಚೆ ಕುಲಾವಿ!" ಎಂದು ಅಮ್ಮನ ಅಣ್ಣ ಹಂಗಿಸಿದ.

"ಹುಟ್ಟಿದ ಮೇಲೆ ಹೊಲಿಯೋಕೆ ಕೂತ್ರೆ ಕೂಸಿಗೆ ಶೀತ ಆಗುತ್ತೆ, ಸುಮ್ನಿರೋ."

೨. ಅಮ್ಮನ ಕೆಲಸ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವುದು. ಕೂದಲೆಳೆಯಷ್ಟು ವಾರೆಯಾದರೂ ಅವಳ ಕಣ್ಣಿಗೆ ಚುಚ್ಚುತ್ತದೆ. (ಮೊದಲ ಕರಡಿನಲ್ಲಿ ಇವಳನ್ನು ಬ್ಯಾಂಕಿಗೆ ಸೇರಿಸಿದ್ದೆ. ಒಂದೇ ಪುಟಕ್ಕೆ ರಾಜೀನಾಮೆ ಬಿಸಾಕಿ ಎದ್ದು ಹೋದಳು.)

ತಾಯಿ ಮಗಳು ಆಟದಲ್ಲಿ ಕಟ್ಟಿದ ಮನೆಯ ಗೋಡೆಗೆ ಮೇಕೆಯೊಂದು ಸಿಕ್ಕಿಕೊಂಡಿತ್ತು: ಮುಂಭಾಗ ಅಡುಗೆಮನೆಯಲ್ಲಿ, ಹಿಂಭಾಗ ಬೀದಿಯಲ್ಲಿ. ಮಗಳು ಅದಕ್ಕೆ ಅರ್ಧಮ್ಮ ಎಂದು ಹೆಸರಿಟ್ಟು, ಶಾಲೆಯ ಸುದ್ದಿಯನ್ನೆಲ್ಲ ಮೊದಲು ಅದಕ್ಕೇ ಒಪ್ಪಿಸುತ್ತಿದ್ದಳು. ಅಮ್ಮನೋ, ಆಟ ತಯಾರಿಸುವವನಿಗೆ ದೂರು ಬರೆದಳು: ಗೋಡೆಯಲ್ಲಿ ಮೇಕೆ ಇದೆ, ಸರಿಪಡಿಸಿ. ಅರೆಬೆಂದದ್ದನ್ನು ಕೊಂಡವರಿಗೆ ಹೀಗೆ ತಪ್ಪು ಹುಡುಕಿ ತಿಳಿಸುವುದೊಂದು ಬಿಟ್ಟಿ ಚಾಕರಿ.

೩. ಉತ್ತರ ಬಂತು. 'ಧನ್ಯವಾದ. ಕೊನೆಯ ಅಪ್‌ಡೇಟಿನಲ್ಲಿ ಮೇಕೆ ಗೋಡೆಯಿಂದ ಹೊರಬರುತ್ತದೆ, ಕಡಲೂ ಬರುತ್ತದೆ. ಬೇಡವಾದವರು ಹಳೆಯ ಆಟದಲ್ಲೇ ಉಳಿಯಬಹುದು. ಅದಕ್ಕೆ ಇನ್ನೇನೂ ಸೇರುವುದಿಲ್ಲ.'

"ಚಾಡಿ ಹೇಳಿದ್ಯಾ ಅಮ್ಮಾ?"

"ತಪ್ಪನ್ನ ತಪ್ಪು ಅಂದೆ ಕಣೇ."

"ತಪ್ಪಲ್ಲ ಅದು. ಅದು ನಮ್ಮನೇದು."

೪. ಮುಕ್ತಾಯ ಅ: ಅಮ್ಮ ಮತ್ತೆ ಬರೆದು ಬೇಡಿಕೊಂಡಳು, ಮೇಕೆಯೂ ಉಳಿಯಿತು, ಕಡಲೂ ಬಂತು. ("ಒಬ್ಬಳಿಗೋಸ್ಕರ ಯಾರ್ರೀ ಆಟ ಬದಲಾಯಿಸ್ತಾರೆ? ತಲೆ ನೆಟ್ಟಗಿದೆಯಾ?" ಎಂದು ಅಮ್ಮ ನನ್ನನ್ನೇ ಗದರಿದಳು.)

ಮುಕ್ತಾಯ ಆ: ಬಿಟ್ಟುಕೊಡುವುದೇ ಬೆಳೆಯುವುದೆಂದು ಮಗಳಿಗೆ ಅರಿವಾಯಿತು. ("ನಂಗೇನೂ ಅರಿವಾಗಿಲ್ಲ. ಹೊಡೆದು ಹಾಕಿ," ಎಂದಳು ಮಗಳು. ಹೊಡೆದು ಹಾಕಿದೆ.)

೫. ಕೊನೆಯ ಅಪ್‌ಡೇಟ್ ಬಂತು. ಪರದೆಯ ಮೇಲೆ ಎರಡು ಬಟನ್: ಅಪ್‌ಡೇಟ್ ಮಾಡು, ಬೇಡ.

"ದುಡ್ಡು ಕೊಟ್ಟಿದ್ದೇ ಕಡಲಿಗೆ, ಮುಠ್ಠಾಳರಾ!" ಎಂದ ಅಮ್ಮನ ಅಣ್ಣ. ಮಾತು ಸುಳ್ಳಲ್ಲ.

"ಕಡಲು ಬರೋದೇ ಇಲ್ಲ, ಗೊತ್ತಾಯ್ತಲ್ಲ? ಆಮೇಲೆ ಅಳಬಾರ್ದು," ಎಂದಳು ಅಮ್ಮ.

"ಅಳ್ತೀನಿ. ಆದ್ರೂ 'ಬೇಡ' ಒತ್ತು."

ವಾರೆ ಗಾಜೊಂದನ್ನು ಜನ್ಮದಲ್ಲಿ ಅಂಗಡಿಯಿಂದಾಚೆ ಬಿಡದವಳು 'ಬೇಡ' ಒತ್ತಿದಳು.

ನಾನೂ ಒಂದು ಕಡಲನ್ನು ಬರೆದಿಟ್ಟುಕೊಂಡಿದ್ದೆ, ಅರ್ಧ ಪುಟ, ಅಲೆ ಗಿಲೆ ಎಲ್ಲ ಹಾಕಿ. ಹರಿದೆಸೆದೆ. ಕಥೆ ಮುಗಿದಿಲ್ಲವೆಂದು ದೂರು ಬರೆಯುವವರು ಧಾರಾಳವಾಗಿ ಬರೆಯಿರಿ, ನಾನಂತೂ ಸರಿಪಡಿಸುವವನಲ್ಲ. ಇನ್ನು ಕಡಲು ಹೇಗಿತ್ತು ಅಂತೀರಾ? ಅಪ್‌ಡೇಟ್ ಒತ್ತಿದವರನ್ನು ಕೇಳಿ.