ಹಿಂದೆ ಕೂರುವವರ ಅಧ್ಯಾಯ

ಅಂಗಿಯ ಬಲತೋಳಿಗೆ ಇಸ್ತ್ರಿ ಒತ್ತುವಾಗ ಅವಳ ಮಣಿಕಟ್ಟು ಚುಳ್ಳೆಂದಿತು. ಮೂಳೆ ಕೂಡಿ ಐದು ತಿಂಗಳಾದರೂ ನೋವು ಆಗಾಗ ಬಂದು ವಿಚಾರಿಸಿಕೊಂಡು ಹೋಗುತ್ತಿತ್ತು. ಕಿಟಕಿಯಾಚೆ, ಅಂಗಳದಲ್ಲಿ, ಅವಳ ಗಂಡ ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಈ ಕಡೆಗೆ ಬೆನ್ನು ಮಾಡಿ ಕೂತಿದ್ದರು. ಪೆಟ್ರೋಲ್ ಟ್ಯಾಂಕಿನ ಮೇಲೆ ಪುಸ್ತಕ. ಏನೋ ಗೊಣಗಾಟ.

ಮೂವತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರು ಅವರು. ಪ್ರಶ್ನೆ ಕೇಳಿದವರ ಮುಖ ನೋಡದೆ ಉತ್ತರ ಕೊಟ್ಟು ಅಭ್ಯಾಸವಿಲ್ಲ. ಅಂದು ಬೈಕಿನಲ್ಲಿ ಅಕ್ಕನ ಮನೆಗೆ ಹೋಗುವಾಗ, ಸೇತುವೆ ದಾಟಿದ ತಿರುವಿನಲ್ಲಿ, ಬೀಗ ಹಾಕಿದಿರಾ ಎಂದು ಅವಳು ಹಿಂದಿನಿಂದ ಕೇಳಿದ್ದಳು. ಅವರು ಪೂರ್ತಿ ಹಿಂದಕ್ಕೆ ತಿರುಗಿ, ಹಾಕಿದೆ ಅಂದರು. ಅಷ್ಟರಲ್ಲಿ ಇಬ್ಬರೂ ಮಣ್ಣಿನಲ್ಲಿದ್ದರು.

ಅಂದಿನಿಂದ ಅವಳು ಬಸ್ಸಿನವಳಾದಳು. ಅವರೂ ಒಮ್ಮೆಯಾದರೂ ಬೈಕ್ ಹತ್ತು ಎನ್ನಲಿಲ್ಲ. ಅವರಿವರನ್ನು ಕೇಳಿ, ಬೈಕ್ ಓಡಿಸುವುದನ್ನು ತಿದ್ದುವ ಮೂರು ಪುಸ್ತಕ ತರಿಸಿಕೊಂಡರು.

"ಪುಸ್ತಕ ಓದಿ ಈಜು ಕಲಿತವರನ್ನ ನಾನಂತೂ ನೋಡಿಲ್ಲ, ಮೇಷ್ಟ್ರೇ," ಎಂದಿದ್ದ ಗ್ಯಾರೇಜಿನವನು.

"ಓದಿ ಮುಳುಗಿದವರನ್ನ ನೋಡಿದೀಯೇನಪ್ಪ?"

ಇಸ್ತ್ರಿಯಾದ ಬಟ್ಟೆ ಒಳಗಿಡಲು ಹೋದವಳಿಗೆ ಮೇಜಿನ ಮೇಲೆ ಉಳಿದೆರಡು ಪುಸ್ತಕ ಕಂಡವು. ತೆರೆದರೆ ಕೆಂಪು ಶಾಯಿಯ ಹಬ್ಬ. ಬ್ರೇಕಿನ ಅಧ್ಯಾಯಕ್ಕೆ ಹತ್ತಕ್ಕೆ ಎಂಟು, ಉದಾಹರಣೆ ಸಾಲದು. ಕಣ್ಣು ಹೋದ ಕಡೆಗೇ ಗಾಡಿಯೂ ಹೋಗುತ್ತದೆ ಎಂಬ ಸಾಲಿನ ಪಕ್ಕದಲ್ಲಿ ತಮಗೆ ತಾವೇ ಒಂದು ದೊಡ್ಡ ಸೊನ್ನೆ. ಅವಳಿಗೆ ನಗು ಬಂತು. ಇನ್ನೊಂದು ಪುಸ್ತಕದ ಪುಟಗಳು ತಾವಾಗಿಯೇ ಹಿಂದೆ ಕೂರುವವರ ಅಧ್ಯಾಯಕ್ಕೆ ಬಿಚ್ಚಿಕೊಂಡವು. ಅಷ್ಟು ಸಲ ತೆರೆದಿದ್ದರು. ತಿರುವಿನಲ್ಲಿ ಮಾತಾಡಬಾರದೆಂದು ಹಿಂದಿನವರಿಗೆ ಮೊದಲೇ ಹೇಳಿಡಿ ಎಂಬ ಸಲಹೆಯ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ದುಂಡಗಿನ ಅಕ್ಷರ: 'ತಪ್ಪು. ಅವಳು ಮಾತಾಡಲಿ. ನಾನು ತಿರುಗಬಾರದು.'

ಆ ಮೂರು ವಾಕ್ಯಗಳನ್ನು ಅವಳು ನಿಂತೇ ಇನ್ನೊಮ್ಮೆ ಓದಿದಳು. ಬಿದ್ದಾಗಿನಿಂದ, ತಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು ಎಂಬುದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು.

ಕಿಟಕಿಗೆ ಬಂದಳು. ಗೊಣಗಾಟ ಈಗ ಸ್ಪಷ್ಟವಾಗಿ ಕೇಳಿಸಿತು. ಓದುತ್ತಿರಲಿಲ್ಲ ಅವರು. ಎದುರಿನ ಗೋಡೆಯನ್ನೇ ದಿಟ್ಟಿಸುತ್ತಾ ಖಾಲಿ ಹಿಂದಿನ ಸೀಟಿಗೆ ಉತ್ತರ ಹೇಳುತ್ತಿದ್ದರು: ಹೂಂ, ತಂದಿದೀನಿ. ಇಲ್ಲ, ಮರೆತಿಲ್ಲ. ಸರಿ, ನಿಧಾನವಾಗೇ ಹೋಗ್ತೀನಿ.

"ರೀ, ಊಟಕ್ಕೆ ಬರ್ತೀರಾ?"

ಅವರ ಕತ್ತಿನ ನರ ಸೆಟೆಯಿತು. ಭುಜ ಒಂದಿಷ್ಟು ವಾಲಿ ಮತ್ತೆ ನೆಟ್ಟಗಾಯಿತು. ಮುಖ ಮಾತ್ರ ಗೋಡೆಯ ಕಡೆಗೇ ಇತ್ತು.

"ಐದು ನಿಮಿಷ ಕಣೇ." ಆಮೇಲೆ, ಹಾಗೆಯೇ ಗೋಡೆಗೆ, "ನಾಳೆ ಅಕ್ಕನ ಮನೆಗೆ ಎಷ್ಟು ಗಂಟೆ ಬಸ್ಸು?"

ನೋಡೋಣ ಎಂದಳು. ಬಸ್ಸಿಗೆ ಹೋಗುವುದಿಲ್ಲವೆಂದು ಅಷ್ಟರಲ್ಲಾಗಲೇ ತೀರ್ಮಾನಿಸಿಯಾಗಿತ್ತು. ಈಗಲೇ ಹೇಳಿದರೆ ಮೂರೂ ಪುಸ್ತಕಗಳನ್ನು ಮೊದಲಿನಿಂದ ಓದಲು ಕೂರುವ ಮನುಷ್ಯ. ಬೆಳಿಗ್ಗೆ ಸುಮ್ಮನೆ ಹತ್ತಿ ಕೂತರಾಯಿತು.