ಬೆಂಕಿ ಬೇಡದ ಹೂವು

ಬೆಂಕಿ ಬಿದ್ದ ಹುಲ್ಲುಗಾವಲು ಮತ್ತೆ ಹೇಗೆ ಚಿಗುರುತ್ತದೆ ಎಂಬುದಕ್ಕೇ ಇಪ್ಪತ್ತೆಂಟು ವರ್ಷ ಸವೆಸಿದ ಆಕೆಗೆ ಸಂಶೋಧನಾ ಕೇಂದ್ರದವರು ಇಟ್ಟ ಹೆಸರು ಬೂದಿ ಮೇಡಂ. ಎದುರಿಗೆ ಯಾರೂ ಹಾಗೆ ಕರೆಯುವ ಧೈರ್ಯ ಮಾಡುತ್ತಿರಲಿಲ್ಲ. ಆದರೂ ಅದು ಆಕೆಯ ಕಿವಿಗೆ ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು.

ತಮಾಷೆಯೆಂದರೆ ಆಕೆ ಹೆಸರು ಮಾಡಿದ್ದು ಬೆಂಕಿ ಬೇಡದ ಒಂದು ನೀಲಿ ಹೂವಿನಿಂದ. ಗುಡ್ಡದ ಮೇಲೆ ಹತ್ತು ತುಣುಕು ನೆಲ ಗುರುತಿಸಿ ಒಂಬತ್ತನ್ನು ಆಗಾಗ ಸುಡುತ್ತಿದ್ದರು. ಹೋಲಿಸಿ ನೋಡಲೆಂದು ಹತ್ತನೆಯದಕ್ಕೆ ಕಿಡಿ ಸೋಕದಂತೆ ಕಾವಲು ಹಾಕಿದ್ದರು. ಯಾವುದೋ ಒಂದು ವರ್ಷ ಬಿಟ್ಟರೆ, ಅದರ ಒಂದು ಮೂಲೆಯಲ್ಲೂ ಹೂವು ಅರಳುತ್ತಲೇ ಇತ್ತು. ಈ ಗಿಡಕ್ಕೆ ಬೆಂಕಿ ಬೇಡವೆಂದು ಆಕೆ ಬರೆದರು, ಎಲ್ಲರೂ ನಂಬಿದರು. ಯೋಜನೆ ನಿಂತ ಮೇಲೆ ಗುಡ್ಡವನ್ನೆಲ್ಲ ಕಳೆ ನುಂಗಿತು. ಈಗ ಕಳೆ ಕಿತ್ತು, ಆಕೆಯ ಮಾತಿನಂತೆ ಸುಡದೆಯೇ ಕೇಂದ್ರದವರು ಎರಡು ವರ್ಷ ಆ ಹೂವಿನ ಬೀಜ ಬಿತ್ತಿದ್ದರು. ಒಂದೂ ಮೊಳೆಯಲಿಲ್ಲ. ಉಳಿದದ್ದು ಒಂದೇ ಡಬ್ಬಿ ಬೀಜ. ನಾಳೆ ಅದನ್ನೂ ಬಿತ್ತುವವರಿದ್ದರು.

ನಿದ್ದೆಗೆಟ್ಟ ಮೇಡಂ ಗುಡ್ಡದ ಹಳೆಯ ಕಾವಲುಗಾರನನ್ನು ಹುಡುಕಿಕೊಂಡು ಹೋದರು. ಆತ ಈಗ ಮಗಳ ಮನೆಯ ಎರಡನೇ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ. ಕೂತಿದ್ದೇ ತಡ ಇಬ್ಬರೂ ಮಾತಿನಲ್ಲೇ ಗುಡ್ಡ ಹತ್ತಿಬಿಟ್ಟರು: ಸೋರುವ ತಗಡಿನ ಶೆಡ್ಡು, ಹೊಗೆ ವಾಸನೆಯ ಚಹಾ, ಇಲಿ ಕಡಿದ ಬೂಟು. ಎಂಥ ದಿನಗಳು! ಮೇಡಂ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

"ಅಣ್ಣಾ, ಆ ಹತ್ತನೇ ತುಣುಕಿನ ಮೂಲೇಲಿ ಅಂಥದ್ದೇನಿತ್ತು?"

ಮುದುಕ ಹೊದಿಕೆಯ ಅಂಚು ಹಿಂಡಿದ. "ಬಯ್ಯಲ್ಲ ಅಂದ್ರೆ ಹೇಳ್ತೀನಿ. ಕಾವಲು ಹಾಕೋಕೆ ಮುಂಚೆ ಬಿದ್ದ ಬೆಂಕಿ ಕಸುವು ಮೂರು ವರ್ಷ ಬಂತೇನೋ, ನಾಲ್ಕನೇ ವರ್ಷ ಅಲ್ಲಿ ಹೂ ಬರ್ಲಿಲ್ಲ. ನೀವು ಬೇಲಿ ಹತ್ರ ಕೂತು ಬಿಕ್ಕಿಬಿಕ್ಕಿ ಅತ್ರಿ. ನನ್ಗೆ ನೋಡಕ್ಕಾಗ್ಲಿಲ್ಲ. ಬೇಸಿಗೆಗೆ ನೀವು ಊರಿಗೆ ಹೋದಾಗ ಚಾಪೆಯಷ್ಟು ಜಾಗಕ್ಕೆ ಕಡ್ಡಿ ಗೀರಿದೆ. ಆಮೇಲೆ ವರ್ಷ ಬಿಟ್ಟು ವರ್ಷ. ಬೂದಿನೆಲ್ಲ ಮಳೆ ತೊಳ್ಕೊಂಡು ಹೋಗೋದು."

ಮೇಡಂ ಆ ನಾಲ್ಕನೇ ವರ್ಷವನ್ನು, ಗಿಡ ವಿಶ್ರಾಂತಿ ತೆಗೆದುಕೊಂಡಿತು ಎಂದು ಎಷ್ಟು ಚಂದವಾಗಿ ಬರೆದಿದ್ದರು! ಸಿಟ್ಟು ನೆತ್ತಿಗೇರಿತು. ಜೊತೆಗೇ ಆ ದಿನವೂ ನೆನಪಿಗೆ ಬಂತು. ಹೂವಿನ ಕಡೆ ಆಕೆ ಕಣ್ಣೆತ್ತಿಯೂ ನೋಡಿರಲಿಲ್ಲ. ಮಡಿಲಲ್ಲಿ ಅಕ್ಕನ ಕಾಗದವಿತ್ತು. ಅಪ್ಪ ತೀರಿಕೊಂಡು ಆಗಲೇ ಒಂಬತ್ತು ದಿನವಾಗಿತ್ತು.

ಆಕೆ ಫೋನ್ ತೆಗೆದು ಕೇಂದ್ರಕ್ಕೆ ಕರೆ ಮಾಡಿದರು. "ನಾಳೆ ಬಿತ್ತಬೇಡಿ. ಮೊದ್ಲು ಒಣಹುಲ್ಲು ಹರಡಿ ನೆಲ ಸುಡಿ, ಆಮೇಲೆ ಬೀಜ. ಹೌದಪ್ಪಾ, ನಾನು ಬರೆದಿದ್ದು ತಪ್ಪು. ಎಲ್ಲರಿಗೂ ನಾನೇ ತಿಳಿಸ್ತೀನಿ."

ಮುದುಕನ ಮುಖ ಸಣ್ಣಗಾಯಿತು. "ನಿಮ್ಮ ಹೆಸರು ಹಾಳ್ಮಾಡ್ಬಿಟ್ನಾ ಮೇಡಮ್ಮಾ? ನೀವು ಆ ಹೂವಿಗೆ ಅಷ್ಟೊಂದು ಅತ್ರಲ್ಲ, ಅದಕ್ಕೇ..."

ಮೇಡಂ ಆತನ ಕೈ ಹಿಡಿದುಕೊಂಡರು.

"ಹೌದಣ್ಣಾ," ಎಂದರು, "ಹೂವಿಗೇ ಅತ್ತಿದ್ದೆ."