ಪಂಜೆಂಟ್ ಅಂದರೆ ಅತ್ತೆಯ ಮಾತು

ಬಸ್ಸಿನ ಕಿಟಕಿಯಿಂದ ಮೆಣಸಿನಕಾಯಿ ಘಾಟು ಬಂತು, ಬ್ಯಾಡಗಿ ಹತ್ತಿರಾಯಿತು, ಹಿಂದಿನ ಸೀಟಿನಲ್ಲಿ ಯಾರೋ ಸೀನಿದರು, ಸುರೇಖಾಗೆ ಸೀನು ಬರುವುದಿಲ್ಲ, ಮದುವೆಯಾಗಿ ಬಂದ ವರ್ಷವೇ ಮೂಗಿಗೆ ಈ ಗಾಳಿ ರೂಢಿಯಾಗಿತ್ತು — ಪಂಜೆಂಟ್, ಪಂಜೆಂಟ್, ಶಬ್ದ ಇನ್ನೂ ನಾಲಿಗೆಯ ಮೇಲೇ ಇದೆ, ಬೆಳಿಗ್ಗೆ ಹಾವೇರಿಯ ಶಾಲೆಯಲ್ಲಿ ಟೀಚರ್ ಕೆಲಸದ ಸಂದರ್ಶನಕ್ಕೆ ಕೂತಾಗ ಕನ್ನಡಕದ ಹೆಡ್‌ಮಿಸ್ ಅದರ ಅರ್ಥವನ್ನೇ ಕೇಳಬೇಕೆ, ಅವಳು ತಯಾರಾಗಿದ್ದದ್ದು ದೊಡ್ಡ ದೊಡ್ಡ ಶಬ್ದಗಳಿಗೆ, ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದವು, ಮ್ಯಾಗ್ನ್ಯಾನಿಮಸ್ ಅಂದರೆ ದೊಡ್ಡ ಮನಸ್ಸಿನವರು, ರೆಟಿಸೆಂಟ್ ಅಂದರೆ ಮಿತಭಾಷಿ, ರೆಟಿಸೆಂಟ್ ಅಂದರೆ ಗಂಡ ಸುನೀಲಕುಮಾರ, ಉಪ್ಪಿಲ್ಲದ ಸಾರನ್ನೂ ಸುಮ್ಮನೆ ಉಂಡು ಏಳುವವನು. ಹೀಗೆ ಮನೆಯವರಿಗೆ ಅಂಟಿಸಿಟ್ಟರೆ ಶಬ್ದ ಮರೆಯುವುದಿಲ್ಲ, ಏನವಾ ಅದು, ರೊಟ್ಟಿಗೆ ಮಂತ್ರಾ ಹಾಕಾಕತ್ತೀಯೇನ, ಅಲ್ಲಿ ಕರಕಾತು ನೋಡು, ಅತ್ತೆ ಮುತ್ತವ್ವ ಹಿತ್ತಲಿಂದಲೇ ಕೂಗುವರು, ಈ ವಯಸ್ಸಿನಾಗ ಯಾವ ದೊರಿ ಕೂಡ ಮಾತಾಡಾಕ ಹೊಂಟೀದಿ — ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಬಿ.ಎಡ್. ಮಾಡಿದ ಸೊಸೆ, ಇದಕ್ಕೂ ಮೊದಲು ರಾಣೆಬೆನ್ನೂರಿನ ಶಾಲೆಯೊಂದರ ಸಂದರ್ಶನದಲ್ಲಿ, ನಿಮ್ಮ ಇಂಗ್ಲಿಷು ಬರೇ ಕಂಠಪಾಠ ಆತ್ರಿ, ಅನ್ನಿಸಿಕೊಂಡು ಬಂದು ಅಡುಗೆಮನೆಯಲ್ಲಿ ಅತ್ತದ್ದು, ಅಳಾಕ ಏನಾತು, ಅವರೇನ್ ಊರ ಧಣಿಗಳೇನ, ಎಂದು ಅತ್ತೆ ಬೈದದ್ದು, ಅವರನ್ನು ಬೈದರೋ ಇವಳನ್ನೋ ತಿಳಿಯಲಿಲ್ಲ, ಆದರೆ ಇವತ್ತು ಬೆಳಿಗ್ಗೆ ತಮ್ಮ ಇಳಕಲ್ ಸೀರೆ ಟ್ರಂಕಿನಿಂದ ತೆಗೆದು ಮುಂದಿಟ್ಟವರೂ ಅವರೇ — ಆ ಸೀರೆ ಉಟ್ಟು ಕೂತವಳಿಗೆ ಪಂಜೆಂಟ್ ಅಂದರೆ ಖಾರ, ಘಾಟು ಎಂದು ಗೊತ್ತು, ಹೇಳಲು ಇಂಗ್ಲಿಷ್ ಶಬ್ದ ಸಿಗಲಿಲ್ಲ, ಬಾಯಿಪಾಠವೆಲ್ಲ ಹಾರಿಹೋಯಿತು, ಹೊರಗೆ ಬಂದದ್ದು ಬೇರೆಯೇ, ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು ಮ್ಯಾಡಮ್, ಅಷ್ಟೇನೂ ಪಂಜೆಂಟ್ ಅಲ್ಲ, ಪಂಜೆಂಟ್ ಏನೆಂದು ತಿಳಿಯಬೇಕಾದರೆ ನಮ್ಮ ಅತ್ತೆಯ ಮಾತು ಕೇಳಬೇಕು, ಇಂಗ್ಲಿಷಿನಲ್ಲೇ ಅಂದಳು, ತಡವರಿಸದೆ, ಹೆಡ್‌ಮಿಸ್ ಕನ್ನಡಕ ತೆಗೆದು ನಕ್ಕರು, ಸೋಮವಾರದಿಂದ ಬರ್ರಿ — ಹಾವೇರಿ ಬಸ್‌ಸ್ಟ್ಯಾಂಡಿನಿಂದಲೇ ಮನೆಗೆ ಫೋನು ಮಾಡಿದಳು, ಅತ್ತೀ, ನೌಕರಿ ಸಿಕ್ತರಿ, ನಿಮ್ಮ ಹೆಸರ ಹೇಳಿ ತಗೊಂಡೆರಿ, ಏನಂತ ಹೇಳಿದಿ, ನಿಮ್ಮ ಮಾತು ಖಾರ ಅಂತರಿ, ಕೆಟ್ಟೆ ಅಂದುಕೊಂಡಳು, ಆಚೆಯಿಂದ ನಗು, ಕೆಮ್ಮು ಬರುವಷ್ಟು ನಗು, ಖರೇನ ಹೇಳೀದಿ ಬಿಡು, ಲಗೂ ಬಾ — ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿದೆ, ಕಟ್ಟೆಯ ಮೇಲೆ ನಿಂತವರು ಯಾರು, ಅತ್ತೆಯೇ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವರು ಕೈ ಸಹ ತೊಳೆಯದೆ ಎದ್ದು ಬಂದಿದ್ದಾರೆ, ಕಿಟಕಿಯಿಂದ ಕಿಟಕಿಗೆ ಹುಡುಕುತ್ತಿದ್ದಾರೆ, ಸೊಸೆ ಕಂಡಳು, ಏನೋ ಕೂಗಿದರು, ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ, ಏಳಬೇಕು, ಇಳಿಯಬೇಕು, ಎತ್ತಿ ಹಿಡಿದ ಆ ಅಂಗೈ, ಕೆಂಪು ಅಂಗೈ, ಬಿಸಿಲಲ್ಲಿ ಅಗಲವಾಗಿ ಬಿಚ್ಚಿದ ಕೆಂಪು ಅಂಗೈ —